ಪಪ್ಪಾನ ಜಾಗ

ಡಿಸೆಂಬರ್ ಹತ್ತಿರವಾದರೆ ಸಾಕು, ಬೊಂಬಾಯಿಯ ಬೈಕುಲ್ಲಾದ ನಮ್ಮ ಸ್ಟುಡಿಯೋಗೆ ಊರಿನಲ್ಲಿಲ್ಲದ ಗಂಡಸರ ಫೋಟೋಗಳು ಬರಲು ಶುರುವಾಗುತ್ತಿದ್ದವು. ಹೆಂಗಸರು ಅವನ್ನು ಪ್ರಾರ್ಥನೆ ಪುಸ್ತಕದ ನಡುವೆ ಇಟ್ಟು, ಸೆರಗಿನ ಒಳಗೆ ಹಿಡಿದು, ಒಬ್ಬಾಕೆಯಂತೂ ಬಿಸ್ಕಿಟ್ ಡಬ್ಬಿಯಲ್ಲಿ ಹತ್ತಿ ಸುತ್ತಿ ತರುತ್ತಿದ್ದರು. ಹಡಗಿನಲ್ಲಿರುವ ಗಂಡ, ಆಫ್ರಿಕಾದಲ್ಲಿ ಗುಮಾಸ್ತನಾಗಿರುವ ಮಗ, ಗಲ್ಫಿನಲ್ಲಿ ಅಡುಗೆ ಮಾಡುವ ತಮ್ಮ. ನತಾಲ್, ಅಂದರೆ ನಮ್ಮ ಕ್ರಿಸ್ಮಸ್ ಹಬ್ಬದ ಮನೆ ಫೋಟೋದಲ್ಲಿ ಅವರೂ ನಿಲ್ಲಬೇಕು. ನಮ್ಮ ಬಿಲ್ಡಿಂಗಿನಲ್ಲಿ ಇದಕ್ಕೆ ‘ಜಾಗ ಬಿಟ್ಟ ಫೋಟೋ’ ಎಂಬ ಹೆಸರೇ ಬಿದ್ದಿತ್ತು.

ಕೆಲಸ ಹೀಗೆ. ಮೊದಲು ಮನೆಯವರನ್ನೆಲ್ಲ ಅಂಗಳದಲ್ಲಿ ನಿಲ್ಲಿಸಿ, ಇಲ್ಲದವನಿಗೆ ಒಂದಾಳಿನ ಅಗಲದ ಜಾಗ ಬಿಟ್ಟು, ಗಾಜಿನ ಪ್ಲೇಟಿನ ಮೇಲೆ ಫೋಟೋ ತೆಗೆಯುವುದು. ‘ಒತ್ತಿ ನಿಲ್ಲಬೇಡಿ, ಅವರಿಗೂ ಉಸಿರಾಡಲಿಕ್ಕೆ ಬೇಕಲ್ಲ’ ಎಂದು ನಾನು ಹೇಳಿದರೆ ಪಕ್ಕದವರು ನಗದೆ ಸರಿದು ನಿಲ್ಲುತ್ತಿದ್ದರು. ಆಮೇಲೆ ಇಲ್ಲದವನ ಫೋಟೋವನ್ನು ಅದೇ ಅಳತೆಗೆ ದೊಡ್ಡದು ಮಾಡಿ, ಬ್ಲೇಡಿನಿಂದ ಕತ್ತರಿಸಿ, ಅಂಚು ಎದ್ದು ಕಾಣದ ಹಾಗೆ ಹಿಂಬದಿಯನ್ನು ಪಾಲಿಶ್ ಪೇಪರಿನಲ್ಲಿ ಉಜ್ಜಿ ತೆಳ್ಳಗೆ ಮಾಡಿ, ಮೈದಾ ಅಂಟಿನಿಂದ ಆ ಖಾಲಿ ಜಾಗದಲ್ಲಿ ಕೂರಿಸುವುದು. ಅಂಟಿಸಿದ್ದು ಕಂಡಲ್ಲಿ ಬ್ರಷ್ಷಿನಿಂದ ಬಣ್ಣ ತುಂಬಿ, ಇಡೀ ಚಿತ್ರವನ್ನು ಇನ್ನೊಮ್ಮೆ ಕ್ಯಾಮೆರಾದಲ್ಲಿ ತೆಗೆದರೆ ಹೊಸ ಪ್ಲೇಟು ಸಿದ್ಧ. ಇದನ್ನು ನನಗೆ ಕಲಿಸಿದ್ದು ನನ್ನ ಅಪ್ಪ. ಅವರು ತೀರಿಕೊಂಡ ಮೇಲೆ ಸ್ಟುಡಿಯೋ ನನ್ನ ಕೈಗೆ ಬಂತು. ಹೆಂಗಸು ಫೋಟೋ ತೆಗೆದರೆ ಸರಿ ಬರುತ್ತದೋ ಇಲ್ಲವೋ ಎಂದು ಅನುಮಾನಿಸಿದವರೆಲ್ಲ ಒಂದು ನತಾಲ್ ಕಳೆಯುವಷ್ಟರಲ್ಲಿ ಬಾಯಿ ಮುಚ್ಚಿದ್ದರು.

ಇದರಲ್ಲಿ ಕಷ್ಟದ್ದು ಬೆಳಕು. ಅಂಗಳದಲ್ಲಿ ನಿಂತವರ ಮುಖಕ್ಕೆ ಬಿಸಿಲು ಒಂದು ಕಡೆಯಿಂದ ಬಿದ್ದಿರುತ್ತದೆ, ಅಂಟಿಸಿದವನ ಮುಖಕ್ಕೆ ಇನ್ನೊಂದು ಕಡೆಯಿಂದ. ಆಗ ಅವನು ಬೇರೆ ಯಾವುದೋ ಲೋಕದಲ್ಲಿ ನಿಂತ ಹಾಗೆ ಕಾಣುತ್ತಾನೆ. ಅದಕ್ಕೆ ಉಪಾಯ ಅಂದರೆ ಅವನ ಪ್ಲೇಟನ್ನು ಮಗುಚಿ ಹಾಕಿ ಪ್ರಿಂಟ್ ಮಾಡುವುದು. ಎಡ ಬಲವಾಗುತ್ತದೆ, ಬೆಳಕು ಸರಿಹೋಗುತ್ತದೆ. ಆದರೆ ಕೋಟಿನ ಕಿಸೆ, ಗುಂಡಿ, ಬೈತಲೆ ಎಲ್ಲ ಉಲ್ಟಾ. ಅದನ್ನೆಲ್ಲ ತಿದ್ದಲು ಮಾಟುಂಗದಿಂದ ಲೋಕಲ್ ರೈಲು ಹಿಡಿದು ಟಚಿಂಗ್ ಮಾಸ್ತರರು ಬರುತ್ತಿದ್ದರು. ಧಾರವಾಡದ ಕಡೆಯವರು, ಹಿಂದೆ ಶಾಲೆಯಲ್ಲಿ ಡ್ರಾಯಿಂಗ್ ಕಲಿಸಿದವರು. ಪೆನ್ಸಿಲನ್ನು ಸೂಜಿಯಷ್ಟು ಚೂಪು ಮಾಡಿ, ಕಿಟಕಿಯ ಹತ್ತಿರ ಕುಳಿತು, ಊರಲ್ಲಿಲ್ಲದ ಗಂಡಸರ ಕಿಸೆಗಳನ್ನು ಬಲದಿಂದ ಎಡಕ್ಕೆ ಸಾಗಿಸುವುದು ಅವರ ಡಿಸೆಂಬರ್ ಕೆಲಸ.

ಹಾಗೆ ಜಾಗ ಬಿಟ್ಟು ಕಾಯುವವರಲ್ಲಿ ನಾನೂ ಒಬ್ಬಳು. ನನ್ನ ಗಂಡ ಗಲ್ಫಿನ ಒಂದು ಎಣ್ಣೆ ಕಂಪನಿಯ ಮೆಸ್ಸಿನಲ್ಲಿ ಬೇಕರ್. ಮಗಳು ಇನ್ನೂ ಹೊಟ್ಟೆಯಲ್ಲಿರುವಾಗ ಹೊರಟವರು, ರಜೆ ಸಿಕ್ಕಿತು ಅನ್ನುವಾಗ ಸಿಗದೆ, ಅವಳಿಗೆ ಐದು ತುಂಬುತ್ತಾ ಬಂದರೂ ಬಂದಿರಲಿಲ್ಲ. ಹೊರಡುವ ಹಿಂದಿನ ದಿನ ಅವರನ್ನು ಸ್ಟುಡಿಯೋದ ಕಿಟಕಿಯ ಬಳಿ ನಿಲ್ಲಿಸಿ ಒಂದು ಪ್ಲೇಟು ತೆಗೆದಿದ್ದೆ. ಪ್ರತಿ ವರ್ಷ ಅದೇ ಪ್ಲೇಟು. ನಾವೆಲ್ಲ ಒಂದೊಂದು ವರ್ಷ ಹಳಬರಾಗುತ್ತಿದ್ದರೆ ಅವರು ಮಾತ್ರ ಅದೇ ಕೋಟಿನಲ್ಲಿ, ಅದೇ ಅರೆನಗೆಯಲ್ಲಿ ಬಂದು ನಮ್ಮ ನಡುವೆ ನಿಲ್ಲುತ್ತಿದ್ದರು. ಮೊದಲನೇ ಸಲ ಮಾಸ್ತರರು ಕಿಸೆ, ಗುಂಡಿ ಮುಗಿಸಿ ಕೇಳಿದ್ದರು, ‘ಬಾಯಾರ, ಗಲ್ಲದ ಮ್ಯಾಲಿನ ಮಚ್ಚಿ ಏನ್ ಮಾಡೂಣು?’

‘ಅದನ್ನು ಮಾತ್ರ ಮುಟ್ಟಬೇಡಿ,’ ಎಂದಿದ್ದೆ. ಆ ಮಚ್ಚೆಯಿಲ್ಲದೆ ಅವರನ್ನು ನೆನೆಯುವುದು ನನಗೆ ಸಾಧ್ಯವಿರಲಿಲ್ಲ.

ನನ್ನ ಅತ್ತೆ, ನಾವು ಮಾಯಿ ಅನ್ನುವುದು, ಆ ಮನೆ ಫೋಟೋವನ್ನು ದೊಡ್ಡದು ಮಾಡಿಸಿ ಆಲ್ತಾರಿನ, ಅಂದರೆ ದೇವರ ಪೀಠದ, ಪಕ್ಕ ತೂಗುಹಾಕಿದ್ದರು. ಸಂಜೆ ಜಪಸರದ ಪ್ರಾರ್ಥನೆ ಮುಗಿದ ಮೇಲೆ ಮಗಳನ್ನು ಎತ್ತಿ ಹಿಡಿದು, ‘ಪಪ್ಪಾನ ಮಚ್ಚೆಗೆ ಒಂದು ಉಮ್ಮ ಕೊಡು’ ಅನ್ನುವರು. ಆ ಗಾಜಿನ ಮೇಲೆ ಮಚ್ಚೆಯಿದ್ದಲ್ಲಿ ಪುಟ್ಟ ಬಾಯಿಯ ಮಂಜು ಗುರುತೊಂದು ಸದಾ ಇರುತ್ತಿತ್ತು, ಎಷ್ಟು ಒರೆಸಿದರೂ ಮರುದಿನ ಇದೆ. ಅಂಗಳದಲ್ಲಿ ತೆಗೆಯುವಾಗ ಇಲ್ಲದ ಪಪ್ಪಾ ಫೋಟೋದಲ್ಲಿ ಹೇಗೆ ಬಂದರು ಎಂದು ಮಗಳು ಕೇಳಿದಾಗ ಮಾಯಿಯೇ ಉತ್ತರ ಕಂಡುಹಿಡಿದಿದ್ದರು. ‘ಬಂದು ನಿಂತು ಹೋದರಲ್ಲ! ನೀನು ಕಣ್ಣು ಮುಚ್ಚಿ ತೆರೆದೆಯಲ್ಲ, ಅಷ್ಟರಲ್ಲಿ.’

ಕೇಳಲಿಕ್ಕೆ ಚಂದವಿತ್ತು. ನನಗೂ ಕೆಲವೊಮ್ಮೆ, ಡಾರ್ಕ್‌ರೂಮಿನ ಕೆಂಪು ಬೆಳಕಿನಲ್ಲಿ ಬಿಳಿ ಕಾಗದದ ಮೇಲೆ ಮೊದಲು ಅವರ ಹುಬ್ಬು, ಆಮೇಲೆ ಕಣ್ಣು, ಆಮೇಲೆ ತುಟಿ ಮೂಡಿ ಬರುವಾಗ, ಇದು ಬರೇ ಕಥೆಯಲ್ಲ ಅನ್ನಿಸುತ್ತಿತ್ತು. ಔಷಧಿಯ ನೀರನ್ನು ಸ್ವಲ್ಪ ಅಲುಗಿಸಿದರೆ ಅವರು ಉಸಿರೆಳೆದ ಹಾಗೆ ಕಾಣುತ್ತಿತ್ತು. ಆದ್ದರಿಂದ ನಾನು ಸುಮ್ಮನಿದ್ದೆ. ಮಗಳು ಮಾತ್ರ ಅಂದಿನಿಂದ ಫೋಟೋ ತೆಗೆಯುವಾಗಲೆಲ್ಲ ಕಣ್ಣನ್ನು ಹಿಗ್ಗಿಸಿ, ನೀರು ಬಂದರೂ ರೆಪ್ಪೆ ಹೊಡೆಯದೆ ನಿಲ್ಲುತ್ತಿದ್ದಳು. ಎಲ್ಲ ಫೋಟೋಗಳಲ್ಲೂ ಅವಳ ಕಣ್ಣು ಗೂಬೆ ಮರಿಯದು. ಇವಳಿಗೆ ಕ್ಯಾಮೆರಾ ಅಂದರೆ ಹೆದರಿಕೆ ಎಂದು ನಾನು ತಿಳಿದಿದ್ದೆ.

ಆ ವರ್ಷ ರಜೆ ನಿಜವಾಗಿಯೂ ಸಿಕ್ಕಿತು. ನತಾಲಿಗೆ ಮುಂಚೆ ಬಂದು ಹೊಸ ವರ್ಷ ಕಳೆದು ಹೊರಡಬೇಕು. ಬಿಲ್ಡಿಂಗಿನ ಉದ್ದ ವರಾಂಡದಲ್ಲಿ ಬಿದಿರು ಕಡ್ಡಿ, ಗಾಳಿಪಟದ ಕಾಗದದ ನಕ್ಷತ್ರಗಳು ಆಗಲೇ ತೂಗುತ್ತಿದ್ದವು. ಬಾಲ ಯೇಸುವಿನ ಗೋದಲಿಯ ಹೊಲಕ್ಕೆಂದು ತಟ್ಟೆಯಲ್ಲಿ ಬಿತ್ತಿದ ರಾಗಿ ಮಂಚದ ಕೆಳಗೆ ಮೊಳಕೆಯೊಡೆದಿತ್ತು. ಅದರ ಪಕ್ಕದಲ್ಲೇ, ಸರಕಾರದ ದಾರೂಬಂದಿಯ, ಅಂದರೆ ಪಾನನಿಷೇಧದ, ಕಣ್ಣು ತಪ್ಪಿಸಿ, ಒಣದ್ರಾಕ್ಷಿ ವೈನಿನ ಜಾಡಿ ಬಟ್ಟೆ ಸುತ್ತಿಕೊಂಡು ಮಲಗಿತ್ತು. ಮಾಯಿ ಕುಸ್ವಾರಿಗೆ, ನಮ್ಮ ಹಬ್ಬದ ತಿಂಡಿಗೆ, ಎರಡು ದಿನಕ್ಕಾಗುವ ಹಿಟ್ಟಿನ ಬದಲು ನಾಲ್ಕು ದಿನಕ್ಕಾಗುವಷ್ಟು ಕಲಸಿ, ಫೋರ್ಕಿನ ಬೆನ್ನಿನ ಮೇಲೆ ಕಿಡಿಯೊ ಸುರುಳಿ ಸುತ್ತುತ್ತಿದ್ದರು.

ಬಂದರಿನಲ್ಲಿ ಸ್ಟೀಮರಿನಿಂದ ಇಳಿದು ಅವರು ನನ್ನ ಕಡೆ ನಡೆದು ಬಂದಾಗ ನಾನು ಗುಂಪನ್ನು ಸರಿಸಿಕೊಂಡು ಮುಂದೆ ಓಡಿದೆ. ಆ ಸಂತೋಷದ ನಡುವೆಯೂ ಏನೋ ಒಂದು ಸರಿಯಿಲ್ಲ ಅನ್ನಿಸಿತು. ದಪ್ಪಗಾಗಿದ್ದಾರೆ, ಬಿಸಿಲಿಗೆ ಕಪ್ಪಾಗಿದ್ದಾರೆ, ಅದೇ ಇರಬೇಕು ಅಂದುಕೊಂಡೆ. ಟ್ರಾಮಿನಲ್ಲಿ ಕುಳಿತು ಬರುವಾಗ ಓರೆಗಣ್ಣಿನಿಂದ ಮತ್ತೆ ಮತ್ತೆ ನೋಡಿದೆ.

‘ಎಂತ ನೋಡುವುದು? ಪರಿಚಯ ಸಿಗ್ಲಿಲ್ಲವಾ?’ ಎಂದು ನಕ್ಕರು.

ಮನೆಯಲ್ಲಿ ಮಗಳು ಹೊಸ ಫ್ರಾಕ್ ಹಾಕಿಕೊಂಡು ಬಾಗಿಲಲ್ಲೇ ನಿಂತಿದ್ದಳು. ಮಾಯಿ ಮಗನನ್ನು ಅಪ್ಪಿ ಅತ್ತಾದ ಮೇಲೆ ಅವಳನ್ನೆತ್ತಿ, ‘ಇಕೋ ನಿನ್ನ ಪಪ್ಪಾ. ಮಚ್ಚೆಗೆ ಉಮ್ಮ ಕೊಡು ನೋಡುವಾ’ ಅಂದರು. ಮಗಳು ರೂಢಿಯಂತೆ ಬಾಯಿ ಮುಂದೆ ಮಾಡಿ ಬಗ್ಗಿದಳು. ಬಗ್ಗಿದವಳು ನಿಂತುಬಿಟ್ಟಳು. ಅಲ್ಲಿ ಮಚ್ಚೆ ಇರಲಿಲ್ಲ. ತಲೆ ಹಿಂದೆ ತೆಗೆದು ಅವರ ಮುಖವನ್ನೆಲ್ಲ ನೋಡಿದಳು, ಗೋಡೆಯ ಫೋಟೋ ನೋಡಿದಳು, ಮಾಯಿಯ ಕೊರಳಿಗೆ ಮುಖ ಒತ್ತಿಕೊಂಡಳು.

‘ಇವರು ಪಪ್ಪಾ ಅಲ್ಲ. ಇವರದ್ದು ಆಚೆ ಕಡೆ ಉಂಟು.’

ನನ್ನ ಕಿವಿಯೆಲ್ಲ ಬಿಸಿಯಾಯಿತು. ಮಗುಚಿ ಹಾಕಿದ ಪ್ಲೇಟು! ಕಿಸೆ, ಗುಂಡಿ, ಬೈತಲೆ ಎಲ್ಲ ಆಚೆಯಿಂದ ಈಚೆಗೆ ಬಂದಿದ್ದವು. ಮಚ್ಚೆಯೊಂದೇ ಉಲ್ಟಾ ಉಳಿದಿತ್ತು, ಮುಟ್ಟಬೇಡಿ ಎಂದು ನಾನೇ ಹೇಳಿದ್ದರಿಂದ. ಅದಕ್ಕಿಂತ ನನಗೆ ಚುಚ್ಚಿದ್ದು ಇನ್ನೊಂದು ವಿಷಯ. ಬಂದರಿನಲ್ಲಿ ನನಗೆ ಸರಿಯಿಲ್ಲ ಅನ್ನಿಸಿದ್ದೂ ಅದೇ ಆಗಿತ್ತು. ಮದುವೆಯಾಗಿ ಜೊತೆಯಲ್ಲಿ ಬಾಳಿದ ಮುಖ, ನನ್ನದೇ ಕೈಯ ಫೋಟೋ ನೋಡಿ ನೋಡಿ, ನನಗೂ ಮಗುಚಿ ಹೋಗಿತ್ತು.

ಮಕ್ಕಳಲ್ಲವಾ, ಎರಡು ದಿನದಲ್ಲಿ ಸರಿಹೋಗುತ್ತಾಳೆ ಅಂದುಕೊಂಡೆವು. ಹೋಗಲಿಲ್ಲ. ನಮ್ಮ ಮಗಳಿಗೆ ಮನೆಯವರ ಜೊತೆ ಮನೆಮಾತು, ಹೊರಗಿನವರ ಜೊತೆ ಬೊಂಬಾಯಿ ಹಿಂದಿ. ತಂದೆಯ ಜೊತೆ ಅವಳು ಹಿಂದಿ ಶುರು ಮಾಡಿದಳು. ‘ಅಂಕಲ್, ಪಾನಿ ಮಂಗ್ತಾ?’ ಎಂದು ಮರ್ಯಾದೆಯಿಂದ ಕೇಳಿ, ನೀರಿನ ಲೋಟವನ್ನು ದೂರದಲ್ಲಿಟ್ಟು ಹೋಗುವಳು. ಹಬ್ಬಕ್ಕೆ ಕೇಕಿನ ತಟ್ಟೆಗಳನ್ನು ಕೆಳಗಿನ ಬೇಕರಿಯ ಒಲೆಗೆ ಕೊಂಡುಹೋಗುವುದು ನಮ್ಮಲ್ಲಿ ಪದ್ಧತಿ. ಇವರು ತಾವೂ ಬೇಕರ್ ಎಂದಾಗ ಅಲ್ಲಿಯವರು ಉದ್ದನೆ ಸಲಿಕೆಯನ್ನೇ ಕೈಗೆ ಕೊಟ್ಟರಂತೆ. ಇಡೀ ಬಿಲ್ಡಿಂಗಿನ ಕೇಕುಗಳನ್ನು ಹದವಾಗಿ ಬೇಯಿಸಿ ತಂದರು. ನಮ್ಮದರ ಮೇಲೆ ಮಗಳಿಗೆಂದು ಗೋಡಂಬಿಯಲ್ಲಿ ಒಂದು ಹಕ್ಕಿ ಮಾಡಿದ್ದರು. ಅವಳು ಅದನ್ನು ನೋಡಿ, ‘ಪಪ್ಪಾ ಬಂದ ಮೇಲೆ ತಿನ್ನುವಾ’ ಎಂದು ಮಾಯಿಗೆ ಹೇಳಿ, ಮುಚ್ಚಳ ಮುಚ್ಚಿದಳು.

ಹಬ್ಬಕ್ಕೆ ಮೊದಲಿನ ಭಾನುವಾರ ಬಿಲ್ಡಿಂಗಿನವರೆಲ್ಲರ ಒಟ್ಟು ಫೋಟೋ. ಚರ್ಚಿನ ಬೆಳಗಿನ ಪೂಜೆಯಿಂದ ಬಂದವರು ಬಂದ ಬಟ್ಟೆಯಲ್ಲೇ ಅಂಗಳದಲ್ಲಿ ಸಾಲಾಗಿ ನಿಂತರು. ಗಿರಣಿ ಚಿಮಣಿಗಳ ಹೊಗೆಯಲ್ಲಿ ಸೋಸಿ ಬಂದ ಡಿಸೆಂಬರಿನ ಎಳೆ ಬಿಸಿಲು ಎಲ್ಲರ ಮುಖಕ್ಕೂ ಹಾಲಿನ ಬಣ್ಣ ಕೊಟ್ಟಿತ್ತು. ನಾನು ಕ್ಯಾಮೆರಾದ ಕಪ್ಪು ಬಟ್ಟೆಯೊಳಗೆ ತಲೆಯಿಟ್ಟು ನೋಡಿದೆ. ಹಾಲುಗಾಜಿನ ಮೇಲೆ ಎಲ್ಲರೂ ತಲೆಕೆಳಗಾಗಿ, ಆಕಾಶದಲ್ಲಿ ಕಾಲಿಟ್ಟು ನಿಂತಿದ್ದರು. ಅವರ ನಡುವೆ ಅಲ್ಲಲ್ಲಿ ಜಾಗಗಳು. ನಮ್ಮ ಮನೆಯ ಜಾಗದೊಳಗೆ ನನ್ನ ಗಂಡ ಕೋಟು ಎಳೆದುಕೊಳ್ಳುತ್ತಾ ಹೋಗಿ ನಿಂತದ್ದು ಕಂಡಿತು. ಜೀವಂತ ಮನುಷ್ಯ ಆ ಜಾಗಕ್ಕೆ ನಡೆದು ಬರುವುದನ್ನು ನಾನು ಎಂದೂ ಕಂಡಿರಲಿಲ್ಲ.

ಆಗ ಮುಂದಿನ ಸಾಲಿನಿಂದ ಮಗಳ ದನಿ. ‘ಅಂಕಲ್, ಉಧರ್ ನೈ ಖಡಾ ರೆಹನೇ ಕಾ. ವೋ ಪಪ್ಪಾ ಕಾ ಜಗಾ ಹೈ.’ ಅಲ್ಲಿ ನಿಲ್ಲಬಾರದು, ಅದು ಪಪ್ಪಾನ ಜಾಗ.

ಎಲ್ಲರೂ ಗೊಳ್ಳೆಂದು ನಕ್ಕರು. ಅವರೂ ನಕ್ಕರು, ಎಲ್ಲರಿಗಿಂತ ಸ್ವಲ್ಪ ಜೋರಾಗಿ. ‘ಸಾರಿ ಹಾಂ’ ಎನ್ನುತ್ತಾ ಸರಿದು, ಸಾಲಿನ ಕೊನೆಗೆ ಹೋಗಿ ನೆಂಟರ ಹಾಗೆ ನಿಂತರು. ಅಷ್ಟು ಜನರನ್ನು ಬಿಸಿಲಲ್ಲಿ ಕಾಯಿಸುವಂತಿರಲಿಲ್ಲ. ನಾನು ಪ್ಲೇಟು ತೆಗೆದೆ.

ಮರುದಿನ ಮಾಸ್ತರರು ಆ ಪ್ರಿಂಟನ್ನು ಮುಂದಿಟ್ಟುಕೊಂಡು ಬಹಳ ಹೊತ್ತು ಕುಳಿತರು. ಒಂದೊಂದೇ ಜಾಗಕ್ಕೆ ಒಬ್ಬೊಬ್ಬರನ್ನು ಕೂರಿಸಿ ನಮ್ಮ ಜಾಗಕ್ಕೆ ಬಂದಾಗ ಪೆನ್ಸಿಲ್ ಕೆಳಗಿಟ್ಟರು. ‘ಏನ್ ಮಾಡೂಣ್ರೀ ಬಾಯಾರ? ಮನಶಾ ಇಲ್ಲೇ ಅದಾನ, ಜಾಗಾನೂ ಖಾಲಿ ಅದ. ಇಂಥಾ ಕೆಲಸಾ ನಾ ಎಂದೂ ಮಾಡಿಲ್ಲರೀ.’

ಅಲ್ಲೇ ಕುರ್ಚಿಯಲ್ಲಿದ್ದ ನನ್ನ ಗಂಡ ಎದ್ದು ಬಂದು ಹಳೆಯ ಫೋಟೋಗಳನ್ನೆಲ್ಲ ಸಾಲಾಗಿ ಹರಡಿದರು. ಈಚಿನವುಗಳಲ್ಲೆಲ್ಲ ಮಗಳು ಅವರ ಕಡೆಗೇ ಒರಗಿ, ಕಣ್ಣರಳಿಸಿ ನಿಂತಿದ್ದಳು. ಅವರು ಮಾಸ್ತರರ ಪೆನ್ಸಿಲನ್ನು ಎತ್ತಿಕೊಂಡು ನನಗೆ ಹೇಳಿದರು, ‘ಒಂದು ಕೆಲಸ ಮಾಡು. ಈ ಮಚ್ಚೆಗೆ ಪೌಡರ್ ಹಾಕುವಾ, ಆಚೆ ಕಡೆ ಒಂದು ಬರಿ. ಹೇಗೂ ಇರುವುದು ಸ್ವಲ್ಪ ದಿನ. ಅವಳಿಗೆ ಬೇಕಾದ ಪಪ್ಪಾ ಆಗಿಯೇ ಹೋಗ್ತೇನೆ.’

ತಮಾಷೆಯಾಗಿ ಹೇಳಲು ಹೊರಟಿದ್ದರು. ಕೊನೆಯ ಮಾತಿಗೆ ಬರುವಾಗ ಪೆನ್ಸಿಲನ್ನು ಮೇಜಿನ ಮೇಲೆ ಇಟ್ಟುಬಿಟ್ಟರು. ಮಾಸ್ತರರು ಕಿಟಕಿಯ ಕಡೆ ತಿರುಗಿ ಕನ್ನಡಕ ಒರೆಸಿಕೊಂಡರು.

ಒಂದು ಗಳಿಗೆ ನಾನೂ ಆಸೆಪಟ್ಟೆ, ಸುಳ್ಳು ಹೇಳುವುದಿಲ್ಲ. ಅರ್ಧ ನಿಮಿಷದ ಕೆಲಸ. ಆದರೆ ಹೊಸ ವರ್ಷ ಕಳೆದು ಅವರು ಹೊರಟುಹೋದರೆ ಅವಳಿಗೆ ಉಳಿಯುವುದು ಪುನಃ ಆ ಕಾಗದದ ಮನುಷ್ಯನೇ. ಇನ್ನೊಮ್ಮೆ ಬರುವಾಗ ಅವಳಿಗೆ ಎಷ್ಟು ವಯಸ್ಸಾಗಿರುತ್ತದೋ. ‘ಬೇಡ,’ ಅಂದೆ. ‘ಅವಳನ್ನು ಒಳಗೆ ಕರ್ಕೊಂಡು ಹೋಗ್ತೇನೆ.’

ಒಳಗೆ ಅಂದರೆ ಡಾರ್ಕ್‌ರೂಮ್. ಮಕ್ಕಳಿಗೆ ಅಲ್ಲಿ ಪ್ರವೇಶವಿರಲಿಲ್ಲ. ಔಷಧಿಗಳಿವೆ ಎಂಬುದು ಒಂದು ಕಾರಣ. ಅಲ್ಲಿ ನಡೆಯುವುದನ್ನು ಕಂಡರೆ ಮಾಯಿಯ ಕಥೆ ಉಳಿಯುವುದಿಲ್ಲ ಎಂಬುದು ಇನ್ನೊಂದು. ಮಾಯಿಗೆ ಹೇಳಿದಾಗ, ‘ನತಾಲಿನ ಹೊತ್ತಿಗೆ ಮಗುವಿನ ಕನಸು ಒಡೆಯುವುದಾ?’ ಎಂದು ಬೇಸರಪಟ್ಟರು. ನನಗೂ ಹೆದರಿಕೆಯಿತ್ತು. ಆ ಪಪ್ಪಾನೂ ಹೋಗಿ, ಈ ಪಪ್ಪಾನೂ ಸಿಗದೇ ಹೋದರೆ?

ಮಧ್ಯಾಹ್ನ ಅವಳನ್ನು ಸ್ಟೂಲಿನ ಮೇಲೆ ನಿಲ್ಲಿಸಿ ಬಾಗಿಲು ಹಾಕಿದೆ. ಕೆಂಪು ದೀಪದಲ್ಲಿ ಅವಳ ಹಣೆ, ಮೂಗು ಹಣ್ಣಿನ ಬಣ್ಣಕ್ಕೆ ತಿರುಗಿದವು. ಹೊರಗೆ ಟ್ರಾಮಿನ ಗಂಟೆ ಬಹಳ ದೂರದಿಂದ ಬಂದ ಹಾಗೆ ಕೇಳಿಸುತ್ತಿತ್ತು. ಹಳೆಯ ಪ್ಲೇಟನ್ನು ತೆಗೆದು ಅವಳ ಎರಡೂ ಕೈಗೆ ಕೊಟ್ಟು ದೀಪಕ್ಕೆ ಹಿಡಿಸಿದೆ. ಗಾಜಿನಲ್ಲಿ ಕಪ್ಪು ಬಿಳಿ ಅದಲು ಬದಲಾದ ಪುಟ್ಟ ಮನುಷ್ಯ. ಮಚ್ಚೆ ಒಂದು ಬೆಳ್ಳಗಿನ ಚುಕ್ಕೆ.

‘ಇದು ಯಾವ ಕಡೆ ಉಂಟು?’

ಬೆರಳಿಟ್ಟು ತೋರಿಸಿದಳು.

‘ಈಗ ತಿರುಗಿಸು.’

ತಿರುಗಿಸಿದಳು. ಮತ್ತೆ ತಿರುಗಿಸಿದಳು. ಚುಕ್ಕೆ ಆಚೆ ಹೋಯಿತು, ಈಚೆ ಬಂತು. ಅದೇ ಆಟವನ್ನು ಬಹಳ ಸಲ ಆಡಿದಳು. ನಾನು ಅದೇ ಪ್ಲೇಟಿನಿಂದ ಎರಡು ಪ್ರಿಂಟ್ ಮಾಡಿದೆ, ಒಂದು ನೇರ, ಒಂದು ಮಗುಚಿ. ಎರಡನ್ನೂ ಒಂದೇ ತಟ್ಟೆಯಲ್ಲಿ ಮುಳುಗಿಸಿ, ತಟ್ಟೆಯನ್ನು ಅಲುಗಿಸಲು ಅವಳಿಗೆ ಕಲಿಸಿದೆ. ಬಿಳಿ ಕಾಗದಗಳಲ್ಲಿ ಇಬ್ಬರು ಪಪ್ಪಾಗಳು ಪಕ್ಕಪಕ್ಕದಲ್ಲಿ ನಿಧಾನವಾಗಿ ಎದ್ದು ಬಂದರು. ಅವಳು ಉಸಿರು ಬಿಗಿಹಿಡಿದು ನೋಡಿದಳು. ಕತ್ತರಿಸುವುದು, ಅಂಟಿಸುವುದು ಎಲ್ಲ ಹೇಳಿದೆ. ಬಿಸಿಲು ಒಂದು ಕಡೆಯಿಂದ ಬರಬೇಕೆಂದು ಮಗುಚಿದ್ದನ್ನೂ ಹೇಳಿದೆ.

‘ಹಾಗಾದರೆ ಪಪ್ಪಾ ಬಂದು ನಿಂತದ್ದಲ್ಲವಾ?’

‘ಅಲ್ಲ ಮಗಾ. ಪಪ್ಪಾ ಆಗ ಅಲ್ಲಿ ದೂರದಲ್ಲಿ ರೊಟ್ಟಿ ಸುಡ್ತಾ ಇದ್ರು. ನಿಂತದ್ದು ಈ ಕಾಗದ.’

ತಟ್ಟೆಯನ್ನು ಇನ್ನೊಮ್ಮೆ ಅಲುಗಿಸಿದಳು. ಆಮೇಲೆ ಬಹಳ ಸಣ್ಣ ದನಿಯಲ್ಲಿ ಕೇಳಿದಳು, ‘ನಾನು ಕಣ್ಣು ಮುಚ್ಚಿದ್ದಕ್ಕೆ ಹೋದದ್ದಲ್ಲವಾ?’

ಆಗ ನನಗೆ ಗೊತ್ತಾಯಿತು, ಆ ಗೂಬೆ ಮರಿಯ ಕಣ್ಣು ಏನೆಂದು. ತಂದೆ ಬರುತ್ತಾರೆ, ತನ್ನ ರೆಪ್ಪೆ ಬಡಿದದ್ದರಿಂದ ತಪ್ಪಿಹೋಗುತ್ತಾರೆ ಎಂದು ಈ ಕೂಸು ಪ್ರತಿ ನತಾಲಿಗೂ ಒಂಟಿಯಾಗಿ ಕಾವಲು ನಿಂತಿತ್ತು. ನಾನು ಅವಳನ್ನು ಅಪ್ಪಿಕೊಂಡೆ. ಹೈಪೋ ಔಷಧಿಯ ವಾಸನೆಯ ಕೈಯೆಂದೂ ನೋಡಲಿಲ್ಲ. ‘ಇಲ್ಲ ನನ್ನ ರಾಜಾ, ಇಲ್ಲ. ನೀನು ಕಣ್ಣು ಮುಚ್ಚಿದ್ದಕ್ಕೆ ಯಾರೂ ಹೋಗ್ಲಿಲ್ಲ.’

ಹೊರಗೆ ಬಂದವಳು ತಂದೆಯ ಕಡೆ ಓಡುತ್ತಾಳೆ ಎಂದು ಕಾದರೆ ಓಡಲಿಲ್ಲ. ಒದ್ದೆ ಪ್ರಿಂಟುಗಳು ಹಗ್ಗದಲ್ಲಿ ಒಣಗುವುದನ್ನು ನೋಡುತ್ತಾ ಕುಳಿತಳು. ಆ ದಿನವೆಲ್ಲ ಯಾವ ಭಾಷೆಯಲ್ಲೂ ಮಾತಾಡಲಿಲ್ಲ. ಮಾಯಿ ನನ್ನನ್ನು ನೋಡಿದ ನೋಟದಲ್ಲಿ ಪಾದ್ರಿಯ ಒಂದು ಇಡೀ ಪ್ರವಚನವಿತ್ತು.

ನತಾಲಿನ ಬೆಳಿಗ್ಗೆ ಅವರು ಹಬ್ಬದ ಪೂಜೆಗೆ ಕ್ಷೌರ ಮುಗಿಸಿ, ಕನ್ನಡಿಯನ್ನು ಮೊಳೆಗೆ ಸಿಕ್ಕಿಸಿ, ಮುಖ ಒರೆಸಿಕೊಳ್ಳುತ್ತಾ ಮಂಚದ ಮೇಲೆ ಕುಳಿತಿದ್ದರು. ಮಗಳು ಕುರ್ಚಿ ಎಳೆದು ಹತ್ತಿ ಆ ಕನ್ನಡಿಯನ್ನು ಬಿಚ್ಚಿಕೊಂಡಳು. ಬೀಳಿಸುತ್ತಾಳೆ ಎಂದು ಮಾಯಿ ಕೂಗುವಷ್ಟರಲ್ಲಿ ತಂದೆಯ ಪಕ್ಕಕ್ಕೆ ಬಂದು, ಕನ್ನಡಿಯನ್ನು ಅವರ ಮುಖದೆದುರು ಹಿಡಿದು, ತಾನೂ ಇಣುಕಿದಳು. ಕನ್ನಡಿಯೊಳಗೆ ಗೋಡೆಯ ಮೇಲಿನ ಪಪ್ಪಾ ಇದ್ದರು, ಮಚ್ಚೆ ಅವಳಿಗೆ ಗೊತ್ತಿದ್ದ ಕಡೆಯೇ ಇತ್ತು. ಅವಳು ಕನ್ನಡಿ ನೋಡಿದಳು, ಪಕ್ಕಕ್ಕೆ ತಿರುಗಿ ಅವರನ್ನು ನೋಡಿದಳು, ಮತ್ತೆ ಕನ್ನಡಿ. ಅವರು ಕಲ್ಲಿನಂತೆ ಅಲುಗದೆ ಕುಳಿತಿದ್ದರು. ಒಂದು ಬೆರಳು ಚಾಚಿ ನಿಜವಾದ ಮಚ್ಚೆಯನ್ನು ಮುಟ್ಟಿದಳು.

‘ಮಮ್ಮಿ, ಇವರೇ,’ ಎಂದಳು.

ಪೂಜೆ ಮುಗಿಸಿ ಬಂದು ಅಂಗಳದಲ್ಲಿ ನಮ್ಮ ಮನೆಯವರ ಫೋಟೋಕ್ಕೆ ನಿಂತೆವು. ನಾನು ಫೋಕಸ್ ಮಾಡಿ ಬಂದು ಸಾಲಿಗೆ ಸೇರಿದರೆ ಕ್ಯಾಮೆರಾ ಶಟರಿನ ರಬ್ಬರಿನ ಗುಂಡು ಒತ್ತುವುದು ಮಾಸ್ತರರ ಕೆಲಸ. ಹಬ್ಬದ ದಿನವೆಂದು ಹೊಸ ಟೋಪಿ ಹಾಕಿಕೊಂಡು ಬಂದಿದ್ದರು. ಕಾಲುಗಳಿಗೆ ರೂಢಿಯಾಗಿತ್ತಲ್ಲ, ನಾನೂ ಮಾಯಿಯೂ ನಡುವೆ ಒಂದಾಳಿನ ಜಾಗ ಬಿಟ್ಟೇ ನಿಂತಿದ್ದೆವು. ಅವರು ಮಾತ್ರ ಮೆಟ್ಟಿಲ ಬಳಿಯೇ ಉಳಿದಿದ್ದರು. ಕರೆಯದೆ ಆ ಜಾಗಕ್ಕೆ ಕಾಲಿಡಲು ಅವರಿಗೆ ಧೈರ್ಯ ಸಾಲದು ಎಂಬುದು ನನಗೆ ಕಾಣುತ್ತಿತ್ತು.

ಮಗಳು ಸಾಲು ಬಿಟ್ಟು ಹೋಗಿ ಅವರ ಬೆರಳು ಹಿಡಿದಳು. ‘ಬಾ ಪಪ್ಪಾ. ಅದು ನಿನ್ನ ಜಾಗ,’ ಎಂದಳು, ಮನೆಮಾತಿನಲ್ಲಿ.

ಮಾಸ್ತರರು ಒಂದೇ ಪ್ಲೇಟು ತೆಗೆದರು. ಮಧ್ಯಾಹ್ನ ಅದನ್ನು ತೊಳೆದು, ಪ್ರಿಂಟ್ ಮಾಡಿ ನೋಡಿದರೆ ಎಲ್ಲರೂ ಸರಿಯಾಗಿ ಬಂದಿದ್ದರು. ಮಗಳು ತಂದೆಯ ಕಾಲಿಗೆ ಒರಗಿ ನಿಂತಿದ್ದಾಳೆ, ಕಣ್ಣು ಪೂರ್ತಿ ಮುಚ್ಚಿವೆ. ಸ್ಟುಡಿಯೋ ಲೆಕ್ಕದಲ್ಲಿ ಇದು ಕೆಟ್ಟ ಪ್ಲೇಟು.

‘ಛೇ, ಕಣ್ಣ ಮುಚ್ಚ್ಯಾಳಲ್ಲರೀ ಬಾಯಾರ,’ ಎಂದು ಮಾಸ್ತರರು ಆಗಲೇ ಪೆನ್ಸಿಲ್ ಚೂಪು ಮಾಡತೊಡಗಿದರು. ‘ಇರಲಿ, ನಾ ತೆರದು ಕೊಡತೀನಿ.’

‘ಮುಟ್ಟಬೇಡಿ ಮಾಸ್ತರರೇ,’ ಅಂದೆ. ‘ಅವಳು ಸ್ವಲ್ಪ ಕಣ್ಣು ಮುಚ್ಚಿಕೊಳ್ಳಲಿ.’